ಹೊಸ ಬಾವಿ ತೋಡಿದರೆ ಸಾಕೇ?



ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್‌ಟನ್ ಎಂಬ ಪುಟ್ಟ ಪಟ್ಟಣವಿದೆ. 2000ದ ಮೇ ತಿಂಗಳ ಭಾರೀ ಮಳೆಗೆ ಪಕ್ಕದ ಹೊಲದ ಸಗಣಿ ಗೊಬ್ಬರದಲ್ಲಿದ್ದ ರೋಗಾಣುಗಳು ಅಲ್ಲಿನ 5ನೇ ನಂಬರಿನ ಸಾರ್ವಜನಿಕ ಬಾವಿಯನ್ನು ಸೇರಿದವು. 7 ಮಂದಿ ತೀರಿಕೊಂಡರು. ಸುಮಾರು 2,300 ಜನ ಕಾಯಿಲೆ ಬಿದ್ದರು. ರೈತನ ತಪ್ಪೇನೂ ಇರಲಿಲ್ಲವೆಂದು ವಿಚಾರಣೆ ನಡೆಸಿದ ನ್ಯಾಯಮೂರ್ತಿಗಳೇ ಹೇಳಿದ್ದಾರೆ.

ಬಾವಿಗೆ ಸಾಕಷ್ಟು ಆಳವಿಲ್ಲ, ಹೊರಗಿನ ಕೊಳೆ ಸೇರಬಹುದು ಎಂಬುದು 1978ರಲ್ಲೇ ಗೊತ್ತಿತ್ತು. ಕ್ಲೋರಿನ್ ಅಳೆಯಬೇಕಾದವರು ಅಳೆಯದೆಯೇ ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದರು! ಕೊನೆಗೆ ಆ ಬಾವಿಯನ್ನು ಕೈಬಿಟ್ಟರು. ಸರಿ, ಆದರೆ ಹೊಸ ಬಾವಿಗೂ ಅಂಥದೇ ಪುಸ್ತಕವಿದ್ದರೆ?

ನಮ್ಮಲ್ಲೂ ಬಾವಿ ಕೆಟ್ಟರೆ ಇನ್ನೊಂದು ಬೋರ್‌ವೆಲ್ ಕೊರೆಸಿ ಸುಮ್ಮನಾಗುತ್ತೇವೆ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ವಿಜ್ಞಾನದ ಮಕ್ಕಳೇ, ನಾಳೆ ನಿಮ್ಮ ಶಾಲೆಯ ನಲ್ಲಿಯಿಂದಲೇ ಶುರುಮಾಡಿ. ಕಂಡ ಅಂಕಿಯನ್ನೇ ಬರೆಯಿರಿ.