ನಮ್ಮ ಒಲೆ, ನಮ್ಮ ಕೈ



ಇವತ್ತು ನಾವು ಒಲೆಯ ಮಾತು ಆಡೋಣ. ಒಲೆ ಹಚ್ಚೋದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಲೆ ತೊಳೆಯೋದೂ ಗೊತ್ತು. ಆದರೂ ಈ ಮಾತು ಯಾಕೆ? ಕಾರಣ ಇದೆ, ಕೇಳಿ.

ನಮ್ಮ ಕುಂದೂರಿನ ಕಡೆ ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಸೌದೆ ಒಣಗೋದಿಲ್ಲ. ಹಸಿ ಸೌದೆ ಉರಿಯೋದಕ್ಕಿಂತ ಹೊಗೆಯೋದೇ ಜಾಸ್ತಿ. ಪಾತ್ರೆಗೆ ಮಸಿ. ಗೋಡೆಗೆ ಮಸಿ. ಮಾಡಿನ ಕೆಳಗೆ ಇಲ್ಲಣ.

ಈಗ ಗ್ಯಾಸ್ ಒಲೆಯೂ ಬಂದಿದೆ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಯಿತು. ಆಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು. ಆದರೆ ಬಚ್ಚಲ ಹಂಡೆಗೆ ಸೌದೆಯೇ ಬೇಕು. ಮನೆ ತುಂಬ ನೆಂಟರು ಬಂದರೆ ಕಡುಬು ಬೇಯಿಸೋದಕ್ಕೂ ಸೌದೆಯೇ. ಹೀಗೆ ನಮಗೆ ಎರಡು ಒಲೆ. ಎರಡು ಒಲೆಯ ಕೊಳೆ.

ಒಂದು ಬಾಟಲಿಯ ಕಥೆ

ಒಂದು ವರ್ಷ ಸಂಕ್ರಾಂತಿಗೆ ಮುಂಚೆ ಮನೆ ತೊಳೆಯುತ್ತಿದ್ದೆವು. ಗ್ಯಾಸ್ ಒಲೆಯ ಮೇಲೆ ಎಣ್ಣೆ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಕಕ್ಕಸು ತೊಳೆಯುವ ಆಸಿಡ್ ಬಾಟಲಿ ಮೂಲೆಯಲ್ಲಿತ್ತು. ಅದನ್ನೇ ಸುರಿದೆವು. ಆಗಲೂ ಹೋಗಲಿಲ್ಲ. ಅದರ ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿದೆವು.

ಒಂದೇ ಸಲಕ್ಕೆ ಘಾಟು ಎದ್ದಿತು. ಕಣ್ಣು ಉರಿಯಿತು. ಎದೆ ಹಿಡಿದ ಹಾಗಾಯಿತು. ಕೆಮ್ಮುತ್ತಾ ಅಂಗಳಕ್ಕೆ ಓಡಿದೆವು. ಕಾಫಿ ಕೊಯ್ದು ನಮ್ಮ ಬೆರಳೆಲ್ಲ ಬಿರುಕು ಬಿಟ್ಟಿತ್ತು. ಆ ಬಿರುಕಿಗೆ ಆಸಿಡ್ ಇಳಿದಿತ್ತು. ಹಬ್ಬದ ದಿನ ಎಳ್ಳು ಹುರಿಯೋದಕ್ಕೂ ಕೈ ಬರಲಿಲ್ಲ.

ಆಮೇಲೆ ತಿಳಿಯಿತು. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಹುಟ್ಟುತ್ತೆ. ಮುಚ್ಚಿದ ಮನೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಬಾಟಲಿಯ ಮೇಲೆ ಎಚ್ಚರಿಕೆ ಬರೆದಿತ್ತು. ಆಗ ನಮಗೆ ಓದು ಬರುತ್ತಿರಲಿಲ್ಲ. ಅಕ್ಷರ ಅಲ್ಲೇ ಇತ್ತು, ನಮಗೆ ಕಾಣಲಿಲ್ಲ. ಈಗ ಕಾಣುತ್ತೆ. ಅದಕ್ಕೇ ಈ ಮಾತು.

ಬೂದಿಯ ಗುಣ

ನಮ್ಮ ಅಜ್ಜಿಯರು ಪಾತ್ರೆಗೆ ಬೂದಿ ಹಾಕಿ ಉಜ್ಜುತ್ತಿದ್ದರು. ಅದು ಬಡತನಕ್ಕೆ ಮಾತ್ರ ಮಾಡಿದ್ದಲ್ಲ. ಸೌದೆಯ ಬೂದಿಯಲ್ಲಿ ಕ್ಷಾರ ಇದೆ. ಕ್ಷಾರ ಜಿಡ್ಡಿನ ಜೊತೆ ಸೇರಿದರೆ ಸಾಬೂನಿನ ಹಾಗೆ ಆಗುತ್ತೆ. ಆಗ ಜಿಡ್ಡು ನೀರಿನಲ್ಲಿ ಹೋಗುತ್ತೆ. ಅಡುಗೆ ಸೋಡಕ್ಕೂ ಇದೇ ಗುಣ, ಸ್ವಲ್ಪ ಸೌಮ್ಯ. ಅಂಟುವಾಳ ಕಾಯಿಯ ನೊರೆಯೂ ಜಿಡ್ಡು ಬಿಡಿಸುತ್ತೆ.

ಹುಣಸೆ, ನಿಂಬೆ ಬೇರೆ ಕೆಲಸಕ್ಕೆ. ಹಿತ್ತಾಳೆ ಬೆಳಗೋದಕ್ಕೆ, ನೀರಿನ ಬಿಳಿ ಕರೆ ತೆಗೆಯೋದಕ್ಕೆ ಹುಳಿ ಬೇಕು.

ಸೋಡ ಮತ್ತು ನಿಂಬೆ ಒಟ್ಟಿಗೆ ಹಾಕಿದರೆ ಬುಸ್ಸನೆ ನೊರೆ ಬರುತ್ತೆ. ಅದರಿಂದ ಅಪಾಯ ಇಲ್ಲ. ಆದರೆ ಒಂದರ ಬಲವನ್ನು ಇನ್ನೊಂದು ತಿನ್ನುತ್ತೆ. ನೊರೆ ನೋಡಿ ಮರುಳಾಗೋದು ಬೇಡ. ಒಂದು ಸಲಕ್ಕೆ ಒಂದೇ ಸಾಕು.

ಸೌದೆ ಒಲೆ

ಬೆಳಿಗ್ಗೆ ಒಲೆ ತಣ್ಣಗಿರುವಾಗ ಬೂದಿ ತೆಗೆಯೋಣ. ಮೊದಲು ನಾಲ್ಕು ಹನಿ ನೀರು ಚಿಮುಕಿಸಿದರೆ ಬೂದಿ ಹಾರೋದಿಲ್ಲ. ಮೂಗಿಗೆ ಸೆರಗು ಕಟ್ಟಿಕೊಳ್ಳೋಣ. ಬೂದಿಯ ಒಳಗೆ ಕೆಂಡ ಅಡಗಿರುತ್ತೆ. ಅದನ್ನು ತಗಡಿನ ಡಬ್ಬಕ್ಕೇ ತುಂಬೋಣ. ಪ್ಲಾಸ್ಟಿಕ್ ಬಕೆಟ್ ಬೇಡ, ಹುಲ್ಲಿನ ಪಕ್ಕ ಇಡೋದು ಬೇಡ.

ಮಣ್ಣಿನ ಒಲೆಗೆ ನೀರು ಸುರಿಯಬಾರದು. ಒಣ ಪೊರಕೆಯಲ್ಲಿ ಗುಡಿಸಿ, ಬಿರುಕಿಗೆ ಮಣ್ಣು ಮೆತ್ತಿ, ಮೇಲೆ ಸಾರಿಸಿದರೆ ಆಯಿತು.

ಕೆಲವರ ಮನೆಯಲ್ಲಿ ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ವಿಜ್ಞಾನ ತಲುಪಬೇಕು ಅನ್ನೋದು ಅದರ ಉದ್ದೇಶ. ಅಲ್ಲಿಯವರು ರೂಪಿಸಿದ ಒಲೆ ಇದು. ಒಂದೇ ಉರಿಗೆ ಮೂರು ಪಾತ್ರೆ ಕೂರುತ್ತೆ. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತೆ.

ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ತಿರುಗಿ ನಮ್ಮ ಮುಖಕ್ಕೇ ಬರುತ್ತೆ. ಆಗ ನಾವು ಒಲೆಯನ್ನು ಬೈಯುತ್ತೇವೆ! ತಪ್ಪು ಒಲೆಯದ್ದಲ್ಲ. ಉದ್ದದ ಬಿದಿರಿಗೆ ತೆಂಗಿನ ನಾರು ಕಟ್ಟಿ ಕೊಳವೆಯಲ್ಲಿ ಆಡಿಸಬೇಕು. ತಿಂಗಳಿಗೊಮ್ಮೆ ನೋಡಬೇಕು. ಮಳೆಗಾಲಕ್ಕೆ ಮುಂಚೆ ತಪ್ಪದೆ ಮಾಡಬೇಕು. ಮಾಡು ಹತ್ತುವ ಕೆಲಸಕ್ಕೆ ಗಂಡಸರನ್ನು ಕರೆಯೋಣ. ಆ ಒಲೆಯ ಅನ್ನ ಅವರೂ ಉಣ್ಣುತ್ತಾರಲ್ಲ!

ಗ್ಯಾಸ್ ಒಲೆ

ಮೊದಲು ರೆಗ್ಯುಲೇಟರ್ ಬಂದ್ ಮಾಡೋಣ. ಒಲೆ ಪೂರ್ತಿ ಆರಲಿ. ಆಮೇಲೆ ಬರ್ನರ್, ಪಾತ್ರೆ ಇಡುವ ಕಂಬಿ ತೆಗೆಯೋಣ.

ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡ, ಸ್ವಲ್ಪ ಸಾಬೂನು ಹಾಕಿ. ಬರ್ನರ್, ಕಂಬಿ ಅದರಲ್ಲಿ ಅರ್ಧ ಗಂಟೆ ನೆನೆಯಲಿ. ತೆಂಗಿನ ನಾರಿನಿಂದ ಉಜ್ಜಿ. ಬರ್ನರ್ ತೂತು ಕಟ್ಟಿದ್ದರೆ ಪಿನ್ನಿನಿಂದ ಮೆಲ್ಲಗೆ ಬಿಡಿಸಿ. ಹಿತ್ತಾಳೆ ಬರ್ನರ್ ಕಪ್ಪಾಗಿದ್ದರೆ ಹುಣಸೆ ಹಚ್ಚಿ ಬೇಗ ತೊಳೆಯಿರಿ. ರಾತ್ರಿಯೆಲ್ಲ ಹುಳಿಯಲ್ಲಿ ಬಿಡಬೇಡಿ, ಲೋಹ ಸವೆಯುತ್ತೆ. ಚೆನ್ನಾಗಿ ಒಣಗಿದ ಮೇಲೆ ಕೂರಿಸಿ.

ಒಲೆಯ ಮೈಗೆ ನೀರು ಸುರಿಯಬೇಡಿ. ಸೋಡವನ್ನು ನೀರಿನಲ್ಲಿ ಕಲಸಿ ಜಿಡ್ಡಿಗೆ ಮೆತ್ತಿ. ಕಾಲು ಗಂಟೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಗಾಜಿನ ಒಲೆಗೆ ಬೂದಿ ಬೇಡ, ಗೀರು ಬೀಳುತ್ತೆ. ಸೀಮೆಎಣ್ಣೆಯಿಂದ ಒರೆಸೋದಂತೂ ಬೇಡವೇ ಬೇಡ. ಬೆಂಕಿ ಹತ್ತುತ್ತೆ.

ಮತ್ತೆ ಹಚ್ಚಿದಾಗ ಉರಿ ನೀಲಿ ಇರಬೇಕು. ಹಳದಿ ಉರಿದು ಪಾತ್ರೆಗೆ ಮಸಿ ಹಿಡಿದರೆ ತೂತು ಇನ್ನೂ ಕಟ್ಟಿದೆ ಅಂತ ತಿಳಿಯಿರಿ. ಅಲ್ಲಿ ಗ್ಯಾಸೂ ದಂಡ, ದುಡ್ಡೂ ದಂಡ.

ಗ್ಯಾಸಿನ ವಾಸನೆ ಬಂದರೆ ಕಡ್ಡಿ ಗೀರಬೇಡಿ. ಲೈಟಿನ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬನ್ನಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ.

ಬಾಟಲಿ ಬಳಸಲೇಬೇಕಾದರೆ

ಕಕ್ಕಸಿಗೆ ಆಸಿಡ್ ಬೇಕು ಅಂತೀರಾ? ಸರಿ. ಅದು ಕಕ್ಕಸಿಗೇ ಇರಲಿ, ಅಡುಗೆ ಮನೆಗೆ ಬರೋದು ಬೇಡ. ಕುಡಿಯುವ ನೀರಿನ ಬಾಟಲಿಗೆ, ಶರಬತ್ತಿನ ಬಾಟಲಿಗೆ ಸುರಿದಿಡಬೇಡಿ. ಮಕ್ಕಳು ಕುಡಿದಾರು. ಒಂದರ ಜೊತೆ ಇನ್ನೊಂದು ಬೆರೆಸಬೇಡಿ.

ಮೈಗೆ, ಕಣ್ಣಿಗೆ ತಾಗಿದರೆ ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ. ಅರಿಶಿನ, ಬೆಣ್ಣೆ ಹಚ್ಚಬೇಡಿ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಘಾಟು ಕುಡಿದವರನ್ನು ಬೇಗ ಹೊರಗಿನ ಗಾಳಿಗೆ ಕರೆತನ್ನಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಆ ಬಾಟಲಿಯೂ ಜೊತೆಗೆ ಇರಲಿ. ಯಾವ ಮದ್ದು ಅಂತ ಡಾಕ್ಟರಿಗೆ ಗೊತ್ತಾಗಬೇಕಲ್ಲ.

ಕೊನೆಯ ಮಾತು

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡೋಣ. ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ಒಂದು ಕಡೆ ಇಟ್ಟು ನೋಡೋಣ. ಮೇಲೆ ಬರೆದಿರೋದನ್ನು ಅಕ್ಷರ ಕೂಡಿಸಿ ಓದೋಣ. ಕನ್ನಡದಲ್ಲಿ ಇಲ್ಲದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸೋಣ. ಆಮೇಲೆ ಒಂದು ಚೀಟಿಯಲ್ಲಿ ನಾವೇ ದಪ್ಪಗೆ ಬರೆಯೋಣ: ವಿಷ. ಅದನ್ನು ಬಾಟಲಿಗೆ ಅಂಟಿಸಿ, ಮಕ್ಕಳ ಕೈಗೆ ಎಟುಕದ ಕಡೆ ಇಡೋಣ.

ಎರಡೇ ಅಕ್ಷರ. ನಾವು ಕಲಿತ ಆ ಎರಡು ಅಕ್ಷರ ಮನೆಯ ಒಂದು ಜೀವ ಉಳಿಸಬಹುದು.

ಒಲೆ ಬೆಳಗಬೇಕು, ನಿಜ. ಆದರೆ ಕೈ ಸುಟ್ಟುಕೊಂಡು ಬೆಳಗೋದು ಬೇಡ. ಕಾಫಿ ಕೊಯ್ಯೋದೂ ಇದೇ ಕೈ, ರೊಟ್ಟಿ ತಟ್ಟೋದೂ ಇದೇ ಕೈ. ಈಗ ಹೆಸರು ಬರೆಯೋದೂ ಇದೇ ಕೈ. ಅದನ್ನು ಕಾಪಾಡಿಕೊಳ್ಳೋಣ.