ಎದುರುಗೊಳ್ಳುವುದು, ಬರಮಾಡಿಕೊಳ್ಳುವುದು

ಬಂದವರನ್ನು ಆದರಿಸುವುದಕ್ಕೆ ಕನ್ನಡದಲ್ಲಿ ಎರಡು ಹಳೆಯ ಮಾತುಗಳುಂಟು. ಎದುರುಗೊಳ್ಳುವುದು ಒಂದು, ಬರಮಾಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಊರಬಾಗಿಲಲ್ಲಿ ನಡೆಯುವಂಥದು. ಎರಡನೆಯದು ಮನೆಯೊಳಗೆ ನಡೆಯುವಂಥದು. ಬಹುಕಾಲ ಗಡಿಯಲ್ಲಿದ್ದು ಮರಳುವ ಸೈನಿಕನ ವಿಷಯದಲ್ಲಿ ಈ ಅಂತರವನ್ನು ಗಮನಿಸುವುದು ಅಗತ್ಯ.

ಎದುರುಗೊಳ್ಳುವುದನ್ನು ನಮ್ಮ ಜನ ಚೆನ್ನಾಗಿ ಬಲ್ಲರು. ಸೇವೆ ಮುಗಿಸಿ ಬಂದ ಯೋಧನಿಗೆ ಹಾರ ಹಾಕಿ, ತೆರೆದ ವಾಹನದಲ್ಲಿ ಕೂರಿಸಿ, ಹಲಗೆ ಡೊಳ್ಳುಗಳೊಡನೆ ಮೆರೆಸಿ, ಹೊಸ್ತಿಲಲ್ಲಿ ಆರತಿ ಎತ್ತುತ್ತಾರೆ. ಈ ಸಂಭ್ರಮ ಒಂದು ದಿನದ್ದು. ಮರುದಿನದಿಂದ ಏನು?

ನಮ್ಮ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ದೇವರ ಸನ್ನಿಧಿ. ಮಡಿದವನ ಸ್ವಾಗತವನ್ನು ನಮ್ಮ ಶಿಲ್ಪಿ ಎಷ್ಟು ಕಕ್ಕುಲತೆಯಿಂದ ಕಂಡರಿಸಿದ್ದಾನೆ! ಅದೇ ಕಾಳಗದಿಂದ ಬದುಕಿ ಬಂದವನಿಗೆ ಮಾತ್ರ ಕಲ್ಲಿಲ್ಲ. ಅವನಿಗೆ ಉಳಿದದ್ದು ಮನೆಯೊಂದೇ.

ಆ ಮನೆಯೂ ಕೈಬಿಟ್ಟರೆ ಏನಾದೀತೆಂಬುದನ್ನು ಈ ಸೀಮೆಯ ಕಥೆಯೇ ಹೇಳುತ್ತದೆ. ಗಂಗಾವತಿಯ ಬಳಿಯ ಕುಮ್ಮಟದುರ್ಗ ಕಂಪಿಲರಾಯನ ಮಗ ಕುಮಾರರಾಮನ ನೆಲೆ. ನಂಜುಂಡ ಕವಿಯ ಸಾಂಗತ್ಯದಲ್ಲಿಯೂ ಜನಪದರ ಹಾಡಿನಲ್ಲಿಯೂ ಬೆಳೆದ ಅವನ ಕಥೆಯನ್ನು ನೀವು ಬಲ್ಲಿರಿ. ಶತ್ರುಗಳಿಗೆ ಅಂಜದ ಆ ವೀರನಿಗೆ ಕೇಡು ಬಂದದ್ದು ಸ್ವಂತ ಅರಮನೆಯಲ್ಲಿ. ಮಲತಾಯಿ ರತ್ನಾಜಿ ದೂರು ಹೇಳಿದಳು. ತಂದೆ ಮಗನ ಮಾತನ್ನು ಕೇಳದೆಯೇ ತಲೆ ತೆಗೆಯಲು ಅಪ್ಪಣೆ ಕೊಟ್ಟ. ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿಟ್ಟು ಕಾಪಾಡಿದ. ದೆಹಲಿಯ ದಂಡು ಮತ್ತೆ ಬಂದಾಗ ಮಾತ್ರ ಎಲ್ಲರಿಗೂ ರಾಮ ಬೇಕಾದ! ಯುದ್ಧಕಾಲಕ್ಕೆ ಬೇಕಾದವನು ಶಾಂತಿಕಾಲಕ್ಕೆ ಬೇಡವಾಗುವುದು ಬಹಳ ಹಳೆಯ ರೋಗ. ಅದರ ಮೂಲವಿರುವುದು ದ್ವೇಷದಲ್ಲಲ್ಲ, ಕೇಳದಿರುವುದರಲ್ಲಿ.

ಹತ್ತಿರದ ಕಾಲಕ್ಕೆ ಬರೋಣ. ಸಿಯಾಚಿನ್ ಎಂಬ ಹೆಸರು ನಮ್ಮ ಮನೆಮನೆಗೆ ತಟ್ಟಿದ್ದು 2016ರ ಫೆಬ್ರವರಿಯಲ್ಲಿ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿ ಆರು ದಿನ ಹೂತುಹೋಗಿದ್ದು, ಜೀವಸಹಿತ ಸಿಕ್ಕಿ, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಡೆಲ್ಲ ಕಣ್ಣೀರಿಟ್ಟಿತು; ಅದು ಉಚಿತವೇ. ಆದರೆ 1984ರಿಂದ ಆ ನೀರ್ಗಲ್ಲಿನ ಮೇಲೆ ಸರದಿಯಂತೆ ಕಾವಲು ನಿಂತು ಹಿಂದಿರುಗಿದವರೂ ನಮ್ಮ ನಡುವೆ ಇದ್ದಾರೆ. ಅವರನ್ನು ಒಂದು ಮಾತು ಕೇಳಿದವರು ಎಷ್ಟು ಮಂದಿ?

ಕುಷ್ಟಗಿ, ಯಲಬುರ್ಗಾಗಳ ಎರೆಹೊಲದಿಂದ ಇಪ್ಪತ್ತರ ಹರೆಯದಲ್ಲಿ ಹೋದವನು ನಲವತ್ತರ ಆಸುಪಾಸಿನಲ್ಲಿ ಮರಳುತ್ತಾನೆ. ಅಷ್ಟರಲ್ಲಿ ಹೊಲ ಅಣ್ಣತಮ್ಮಂದಿರ ಕೈಯಲ್ಲಿ ಹದಗೊಂಡಿದೆ. ಸಾಲ, ಸೊಸೈಟಿ, ಮಕ್ಕಳ ಶಾಲೆ ಎಲ್ಲವನ್ನೂ ಹೆಂಡತಿ ಒಬ್ಬಳೇ ನಿಭಾಯಿಸಿದ್ದಾಳೆ. ರಜೆಯಲ್ಲಿ ಬಂದುಹೋಗುತ್ತಿದ್ದ ತಂದೆ ಇನ್ನು ಹೋಗುವುದಿಲ್ಲವೆಂಬುದು ಮಕ್ಕಳಿಗೂ ಹೊಸದು. ಬೆಳಗಿನ ನಾಲ್ಕಕ್ಕೇ ಎದ್ದು ಕೂರುವ ಈತನಿಗೆ ತನ್ನ ಮನೆಯಲ್ಲಿ ತಾನೇ ಅತಿಥಿ ಎನಿಸಿದರೆ ಆಶ್ಚರ್ಯವಿಲ್ಲ. ಒಂಟಿಯಾಗಿ ಸಂಸಾರ ಎಳೆದ ಆಕೆಯ ಶ್ರಮಕ್ಕೂ ಒಂದು ಹಾರ ಸಲ್ಲಬೇಕಿತ್ತೆಂಬುದನ್ನು ಮೆರವಣಿಗೆ ಮರೆತಿರುತ್ತದೆ.

ಪಿಂಚಣಿ, ಪುನರ್ವಸತಿಗಳು ಸರ್ಕಾರದ ಕರ್ತವ್ಯ. ಆದರೆ ಕಟ್ಟೆಯ ಮೇಲೆ ಜಾಗ ಬಿಟ್ಟುಕೊಡುವುದು, ಬಿತ್ತನೆಯ ಮಾತಿನಲ್ಲಿ ಅವನನ್ನೂ ಸೇರಿಸಿಕೊಳ್ಳುವುದು, ಅವನು ಮೌನವಾಗಿದ್ದರೆ ಒತ್ತಾಯಿಸದೆ, ಮಾತಾಡಿದರೆ ಬೇಸರಿಸದೆ ಕೇಳುವುದು—ಇವು ಊರಿನ ಕರ್ತವ್ಯ. ಇದಕ್ಕೆ ದಿನಗಳು ಸಾಲವು, ವರ್ಷಗಳು ಬೇಕು.

ಮಗ ಕಣ್ಣೆದುರೇ ನಿಂತಿದ್ದರೂ ನಮ್ಮ ಕಡೆಯ ತಾಯಿ, “ಬಂದ್ಯಾ ಯಪ್ಪಾ?” ಎಂದು ಕೇಳುತ್ತಾಳೆ. ಬಂದಿರುವುದು ಕಾಣದೆ ಕೇಳಿದ ಪ್ರಶ್ನೆಯಲ್ಲ ಅದು. “ಬಂದೆ” ಎಂದು ಅವನು ಮನಸಾರೆ ಹೇಳುವಂತಾದ ದಿನವೇ ನಾವು ಅವನನ್ನು ಬರಮಾಡಿಕೊಂಡ ದಿನ.