ಬೆಟ್ಟವನ್ನು ತೂಗಿದ ಲ್ಯಾಟಿನ್ ಮೇಷ್ಟ್ರು



ಮಳೆಗಾಲ ಶುರುವಾಯಿತೆಂದರೆ ನಾವು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಕೆಆರ್‌ಎಸ್ ಮಟ್ಟವನ್ನು. ಅಣೆಕಟ್ಟು ತುಂಬುವ 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ಗೊತ್ತಾದರೆ ಮಂಡ್ಯದ ರೈತರಿಗೂ ಬೆಂಗಳೂರಿನ ಮನೆಗಳಿಗೂ ವರ್ಷದ ಲೆಕ್ಕ ಸಿಕ್ಕಂತೆ. ಅಮೆರಿಕದ ಪಶ್ಚಿಮದಲ್ಲಿ, ಸಿಯೆರಾ ನೆವಾಡಾ ಪರ್ವತಸಾಲಿನ ತಪ್ಪಲಲ್ಲಿ ಬದುಕುವವರಿಗೆ ಈ ಅನುಕೂಲ ಇರಲಿಲ್ಲ. ಅಲ್ಲಿ ಬೇಸಿಗೆಯಲ್ಲಿ ಮಳೆ ಬರುವುದು ತೀರಾ ಕಡಿಮೆ. ಚಳಿಗಾಲದಲ್ಲಿ ಪೆಸಿಫಿಕ್ ಕಡೆಯಿಂದ ಬರುವ ಮೋಡಗಳು ಬೆಟ್ಟದ ಮೇಲೆ ಹಿಮ ಸುರಿಸುತ್ತವೆ. ಜೂನ್, ಜುಲೈನಲ್ಲಿ ಹೊಳೆಯಲ್ಲಿ ಹರಿಯುವುದು ಆ ಹಿಮ ಕರಗಿದ ನೀರೇ. ಮೇಲೆ ಎಷ್ಟು ನೀರು ಕೂತಿದೆ ಎಂದು ಹೇಳಲು ಯಾವ ಅಳತೆಪಟ್ಟಿಯೂ ಇರಲಿಲ್ಲ.

ಅದನ್ನು ಹೇಳುವ ದಾರಿ ತೋರಿಸಿದವರು ರೀನೋ ಪಟ್ಟಣದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಪಾಠ ಹೇಳುತ್ತಿದ್ದ ಜೇಮ್ಸ್ ಎಡ್ವರ್ಡ್ ಚರ್ಚ್. ರೋಮನ್ ಸಾಹಿತ್ಯ, ಚಿತ್ರಕಲೆ ಅವರ ಕ್ಷೇತ್ರ. ಮುಂದೆ 1931ರಲ್ಲಿ ರೀನೋದಲ್ಲಿ ಒಂದು ಕಲಾ ಗ್ಯಾಲರಿಯ ಸ್ಥಾಪನೆಗೂ ಅವರು ಕಾರಣರಾದರು. ಆದರೆ ಚಳಿಗಾಲದಲ್ಲಿ ಯಾರೂ ಹತ್ತದ ಮೌಂಟ್ ರೋಸ್ ಶಿಖರ ಅವರನ್ನು ಸೆಳೆಯಿತು. ಸುಮಾರು 3,280 ಮೀಟರ್ ಎತ್ತರದ ಆ ನೆತ್ತಿಯ ಮೇಲೆ 1905ರಲ್ಲಿ ಹವಾಮಾನ ವೀಕ್ಷಣಾಲಯ ಕಟ್ಟಿಸಿ, ಗಾಳಿ, ಉಷ್ಣಾಂಶ, ಹಿಮಪಾತಗಳ ದಾಖಲೆ ಇಡತೊಡಗಿದರು. ಸಾಹಿತ್ಯದ ಮೇಷ್ಟ್ರಿಗೆ ಇದೆಲ್ಲ ಏಕೆ ಎಂದು ಅವರು ಕೇಳಿಕೊಳ್ಳಲಿಲ್ಲವಲ್ಲ, ಅದಕ್ಕೇ ನನಗೆ ಅವರ ಮೇಲೆ ಅಷ್ಟು ಗೌರವ.

ಹಿಮದ ಆಳ ನೋಡಿ ನೀರನ್ನು ಅಂದಾಜು ಮಾಡಿದರೆ ಮೋಸಹೋಗುತ್ತೇವೆ. ಈಗಷ್ಟೇ ಬಿದ್ದ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿ. ಹತ್ತು ಅಡಿ ಹೊಸ ಹಿಮ ಕರಗಿದರೆ ಸಿಗುವುದು ಸುಮಾರು ಒಂದು ಅಡಿ ನೀರು. ಅದೇ ಹಿಮ ತಿಂಗಳುಗಟ್ಟಲೆ ಕೂತು, ಕುಸಿದು, ಹರಳುಹರಳಾಗಿ ಗಟ್ಟಿಯಾದ ಮೇಲೆ, ಏಪ್ರಿಲ್ ಹೊತ್ತಿಗೆ, ಹತ್ತು ಅಡಿಯಲ್ಲಿ ನಾಲ್ಕು ಅಡಿಗೂ ಮೀರಿ ನೀರಿರುತ್ತದೆ. ಹಾಗಾಗಿ ಹಿಮವನ್ನು ತೂಗಬೇಕು.

ಅದಕ್ಕೆಂದೇ ಚರ್ಚ್ ರೂಪಿಸಿದ ಸಲಕರಣೆ ಒಂದು ಕೊಳವೆ. ತುದಿಯಲ್ಲಿ ಗರಗಸದ ಹಲ್ಲುಗಳಿರುವ ಉದ್ದನೆಯ ಕೊಳವೆ, ಒಂದಕ್ಕೊಂದು ಜೋಡಿಸುವಂಥ ತುಂಡುಗಳು. ಅದನ್ನು ತಿರುಗಿಸುತ್ತಾ ನೆಲ ಮುಟ್ಟುವ ತನಕ ಇಳಿಸುತ್ತಾರೆ. ಹೊರಗೆ ಎಳೆದಾಗ ತುದಿಯಲ್ಲಿ ಚಿಟಿಕೆ ಮಣ್ಣು ಅಂಟಿರಬೇಕು, ತಳ ಮುಟ್ಟಿದ್ದಕ್ಕೆ ಅದೇ ಸಾಕ್ಷಿ. ಮಣ್ಣನ್ನು ಕೆರೆದು ತೆಗೆದು, ಹಿಮ ತುಂಬಿದ ಕೊಳವೆಯನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕುತ್ತಾರೆ. ಈ ಬಗೆಯ ಕೊಳವೆಗೆ ಗೊತ್ತುಮಾಡಿದ ಒಳ ಅಗಲ 1.485 ಇಂಚು. ಈ ವಿಚಿತ್ರ ಸಂಖ್ಯೆಯಲ್ಲಿ ಒಂದು ಜಾಣತನವಿದೆ: ಆ ಅಗಲದಲ್ಲಿ ಒಂದು ಇಂಚು ನೀರು ಸರಿಯಾಗಿ ಒಂದು ಔನ್ಸ್ ತೂಗುತ್ತದೆ. ಕೈ ಮರಗಟ್ಟುವ ಚಳಿಯಲ್ಲಿ ಗುಣಾಕಾರ, ಭಾಗಾಕಾರ ಏನೂ ಬೇಡ, ತಕ್ಕಡಿಯ ಮುಳ್ಳು ನೋಡಿದರೆ ಸಾಕು.

ಶಿಖರದ ಬುಡದಲ್ಲಿರುವ ಟಾಹೋ ಸರೋವರದಲ್ಲಿ ಆಗ ಜಗಳ ನಡೆದಿತ್ತು. ನೀರು ಏರಿದರೆ ದಡದ ಮನೆಯವರಿಗೆ ನಷ್ಟ. ಮೊದಲೇ ತೂಬು ತೆಗೆದು ಬಿಟ್ಟರೆ ಕೆಳಗಿನ ಹೊಲಗಳಿಗೂ ವಿದ್ಯುತ್ತಿಗೂ ಕೊರತೆ. ಬರುವ ಹಿಮನೀರು ಎಷ್ಟೆಂದು ಮುಂಚೆಯೇ ತಿಳಿದರೆ ಇಬ್ಬರಿಗೂ ಒಳ್ಳೆಯದು. ಇಡೀ ಬೆಟ್ಟವನ್ನು ತೂಗಲು ಆಗುವುದಿಲ್ಲ ಎಂಬುದನ್ನು ಚರ್ಚ್ ಒಪ್ಪಿಕೊಂಡರು. ಗೊತ್ತುಮಾಡಿದ ಕೆಲವೇ ಜಾಗಗಳಲ್ಲಿ ವರ್ಷವರ್ಷವೂ ತೂಗಿ, ಈ ಸಲ ಸರಾಸರಿಯ ನೂರಕ್ಕೆ ಎಷ್ಟು ಎಂದು ನೋಡಿದರು. ಹಿಮ ಸರಾಸರಿಯ ಮುಕ್ಕಾಲು ಇದ್ದರೆ ಹೊಳೆಯೂ ಹೆಚ್ಚುಕಡಿಮೆ ಮುಕ್ಕಾಲು. ಈ ಸರಳ ಲೆಕ್ಕದ ಮೇಲೆ ಪಶ್ಚಿಮ ಅಮೆರಿಕದ ನೀರಾವರಿ ದಶಕಗಳ ಕಾಲ ನಿಂತಿತು. ಎಪ್ಪತ್ತೈದು ದಾಟಿದ ಮೇಲೂ ಅವರು ಇದೇ ಕೆಲಸಕ್ಕಾಗಿ ನಮ್ಮ ಹಿಮಾಲಯದವರೆಗೆ ಬಂದಿದ್ದರು.

ಇನ್ನು ಕರಗುವ ವಿಚಾರ. ಬಿಸಿಲು ಬಿದ್ದ ಕೂಡಲೇ ಹಿಮ ನೀರಾಗಿ ಹರಿಯುವುದಿಲ್ಲ. ಮೊದಲು ಹಿಮದ ಇಡೀ ದಪ್ಪ, ಮೇಲಿಂದ ತಳದವರೆಗೆ, ಸೊನ್ನೆ ಡಿಗ್ರಿಗೆ ಬರಬೇಕು. ಮೇಲೆ ಕರಗಿದ ಹನಿ ಕೆಳಗಿಳಿದು ತಣ್ಣನೆಯ ಪದರದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ತನ್ನ ಶಾಖವನ್ನು ಅಲ್ಲಿ ಬಿಡುತ್ತದೆ. ಹೀಗೆ ಹಿಮ ಒಳಗೊಳಗೇ ಮಾಗುತ್ತದೆ. ಮಾಗಿದ ಮೇಲೆ ಒಂದು ಗ್ರಾಂ ಕರಗಿಸಲು 80 ಕ್ಯಾಲೊರಿ ಬೇಕು. ಹೊಸ ಹಿಮ ಬಿಸಿಲಿನ ಹತ್ತು ಪಾಲಿನಲ್ಲಿ ಎಂಟಕ್ಕೂ ಹೆಚ್ಚನ್ನು ವಾಪಸು ಕಳಿಸಿ ಎರಡು ಪಾಲನ್ನೂ ಇಟ್ಟುಕೊಳ್ಳುವುದಿಲ್ಲ. ಧೂಳು ಕೂತ ಹಳೆಯ ಹಿಮ ಅರ್ಧದಷ್ಟನ್ನು ನುಂಗುತ್ತದೆ. ಬಿಸಿಲಿಗಿಂತ ಭಯಂಕರವಾದದ್ದು ತೇವ ತುಂಬಿದ ಬೆಚ್ಚನೆಯ ಗಾಳಿ. ಆ ಗಾಳಿಯ ಆವಿ ಒಂದು ಗ್ರಾಂ ನೀರಾಗಿ ಹಿಮದ ಮೇಲೆ ಕೂತರೆ, ಅದು ಬಿಡುವ ಶಾಖಕ್ಕೆ ಏಳು ಗ್ರಾಂಗೂ ಹೆಚ್ಚು ಹಿಮ ಕರಗುತ್ತದೆ. 1997ರ ಹೊಸ ವರ್ಷದ ದಿನಗಳಲ್ಲಿ ಇಂಥ ಬೆಚ್ಚನೆಯ ಬಿರುಮಳೆ ಹಿಮದ ಮೇಲೆ ಸುರಿದು, ಟ್ರಕೀ ನದಿ ಉಕ್ಕಿ ರೀನೋ ಪೇಟೆಗೆ ನುಗ್ಗಿತು.

ಬೇಸಿಗೆಗೆಂದು ಬೆಟ್ಟ ಕೂಡಿಟ್ಟುಕೊಳ್ಳಬೇಕಾದ ನೀರು ಹೀಗೆ ಜನವರಿಯಲ್ಲೇ ಹೊರಟುಹೋದರೆ ಚರ್ಚ್ ಅವರ ಲೆಕ್ಕ ತಡವರಿಸುತ್ತದೆ. 2015ರ ಏಪ್ರಿಲ್ 1ರಂದು ಸಿಯೆರಾದ ಹಿಮದಲ್ಲಿದ್ದ ನೀರು ಸರಾಸರಿಯ ನೂರಕ್ಕೆ ಐದೇ ಪಾಲು. ಕ್ಯಾಲಿಫೋರ್ನಿಯಾದ ರಾಜ್ಯಪಾಲ ಜೆರ್ರಿ ಬ್ರೌನ್ ಅಂದು ಬರೀ ಹುಲ್ಲಿನ ಮೇಲೆ ನಿಂತು ನೀರಿನ ಕಡಿತ ಪ್ರಕಟಿಸಿದರು. ಇನ್ನೂ ಕಸಿವಿಸಿ ಹುಟ್ಟಿಸಿದ್ದು 2021. ಹಿಮ ಅಷ್ಟು ಕಡಿಮೆಯೇನೂ ಇರಲಿಲ್ಲ, ಆದರೆ ಒಣಗಿ ಬಾಯಾರಿದ್ದ ಮಣ್ಣು ಕರಗಿದ ನೀರನ್ನು ಕುಡಿದುಬಿಟ್ಟಿತು, ಅಣೆಕಟ್ಟೆಗಳಿಗೆ ಬಂದದ್ದು ಅಂದಾಜಿಗಿಂತ ಎಷ್ಟೋ ಕಡಿಮೆ.

ಈಗ ಮೌಂಟ್ ರೋಸ್ ಇಳಿಜಾರಿನಲ್ಲಿ ತಾನಾಗಿಯೇ ಹಿಮದ ಭಾರ ಅಳೆದು ತಿಳಿಸುವ ಕೇಂದ್ರವಿದೆ. ವಿಮಾನದಿಂದ ಲೇಸರ್ ಬಿಟ್ಟು ಸಿಯೆರಾದ ಹಿಮದ ಆಳ ಅಳೆಯುವ ಕೆಲಸವೂ 2013ರಿಂದ ನಡೆದಿದೆ. ಆಳ ಗೊತ್ತಾದರೂ ತೂಕ ಬೇಕಲ್ಲ, ಅದಕ್ಕಾಗಿ ಇಂದಿಗೂ ಜನ ಹಿಮಪಾದುಕೆ ಕಟ್ಟಿಕೊಂಡು ಅದೇ ಕೊಳವೆ ಹೊತ್ತು ಹತ್ತುತ್ತಾರೆ. ಕೊಳವೆಯ ತುದಿಗೆ ಅಂಟಿದ ಮಣ್ಣನ್ನು ಅವರು ಕೆರೆದು ಎಸೆಯುತ್ತಾರೆ. ಆದರೆ ಅದರ ತೇವ ಎಷ್ಟು ಎಂದು ಅಳೆಯುವ ಸಂವೇದಕಗಳನ್ನು ಈಗ ಹಿಮದ ಕೆಳಗೆ, ನೆಲದಲ್ಲಿ ಹೂತಿಟ್ಟಿದ್ದಾರೆ.